ಕೈ ಹಿಡಿಯುವ ಕಲೆ

(ಶತಮಾನೋತ್ಸವದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ಎಲ್ಲರ ಪಾಲಿಗೂ ಬರುವುದಿಲ್ಲ. ಐವತ್ತು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ ಸಾಲಾಗಿ ನಿಂತು ಪ್ರಾರ್ಥನೆ ಹಾಡಿದ ನಮ್ಮ ತರಗತಿಯವರ ಪರವಾಗಿ ಈ ನಾಲ್ಕು ಮಾತು. ಆದುದರಿಂದ ಇಲ್ಲಿ ‘ನಾವು’ ಎಂದಾಗಲೆಲ್ಲ ಅದು ಗೌರವದ ಬಹುವಚನವಲ್ಲ, ಒಂದೇ ಬೆಂಚಿನಲ್ಲಿ ಒತ್ತಾಗಿ ಕುಳಿತವರ ಬಹುವಚನ ಎಂದು ತಾವು ತಿಳಿಯಬೇಕು.

‘ಕಲೆ ಮತ್ತು ಸಾಮರಸ್ಯ’ ಎಂಬ ವಿಷಯವನ್ನು ಸಮಿತಿಯವರು ಕೊಟ್ಟಿದ್ದಾರೆ. ವಿಷಯ ದೊಡ್ಡದು. ಅದನ್ನು ಹರಡಿ ಹೇಳಹೊರಟರೆ ಕಲೆ ಎಲ್ಲರನ್ನೂ ಒಂದುಗೂಡಿಸುತ್ತದೆ ಎಂಬ ಮಾತಿನಲ್ಲಿ ಆರಂಭವಾಗಿ ಅದೇ ಮಾತಿನಲ್ಲಿ ಮುಗಿಯುವ ಅಪಾಯವಿದೆ. ಅದಕ್ಕಾಗಿ ನಾವು ಒಂದೇ ಒಂದು ಕಲೆಯನ್ನು, ಅದರಲ್ಲಿಯೂ ಒಂದೇ ಒಂದು ಪ್ರಸಂಗವನ್ನು ಆರಿಸಿಕೊಂಡಿದ್ದೇವೆ. ಕಲೆ ನೃತ್ಯ. ಪ್ರಸಂಗ ಬೇರೆ ಬೇರೆ ಜನಾಂಗದ ಇಬ್ಬರು ಒಂದೇ ವೇದಿಕೆಯಲ್ಲಿ ಕೈ ಹಿಡಿದು ಕುಣಿದದ್ದು. ಅದು ನಡೆದದ್ದು ದೂರದ ನ್ಯೂಯಾರ್ಕಿನಲ್ಲಿ. ಅದನ್ನು ಈ ಗಡಿನಾಡಿನ ಶಾಲೆಯಲ್ಲಿ ಏಕೆ ಹೇಳುತ್ತಿದ್ದೇವೆ ಎಂಬುದು ಮಾತು ಮುಗಿಯುವ ಹೊತ್ತಿಗೆ ತಮಗೆ ತಿಳಿದೀತು.

ಹಾಡಿನಲ್ಲಿ ದನಿಗಳು ಕೂಡುತ್ತವೆ, ಶರೀರಗಳು ದೂರವಿರಬಹುದು. ಚಿತ್ರ ಬರೆಯುವವನು ಒಬ್ಬನೇ ಕೂತು ಬರೆಯಬಹುದು. ಪುಸ್ತಕವನ್ನು ಬರೆದವನು ಯಾವ ಕುಲದವನೆಂದು ತಿಳಿಯದೆಯೂ ಓದಬಹುದು. ಜೊತೆಯಾಗಿ ಕುಣಿಯುವ ನೃತ್ಯಕ್ಕೆ ಆ ಅನುಕೂಲವಿಲ್ಲ. ಅಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯಬೇಕು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು. ಒಬ್ಬರ ಬೆವರು ಇನ್ನೊಬ್ಬರಿಗೆ ತಾಗುತ್ತದೆ. ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಸಮಾಜಗಳೆಲ್ಲ ಮೊದಲು ಕಟ್ಟುಪಾಡು ವಿಧಿಸುವುದು ಸ್ಪರ್ಶದ ಮೇಲೆ. ಅಂಥ ಸಮಾಜಕ್ಕೆ ನೃತ್ಯ ಇತರ ಕಲೆಗಳಿಗಿಂತ ಹೆಚ್ಚು ಇರಿಸುಮುರಿಸು ತರುವುದು ಸಹಜ.

ಭಾರತೀಯರೂ ಐರೋಪ್ಯರೂ ಕೂಡಿ ನರ್ತಿಸಿದ ಉದಾಹರಣೆಗಳು ನಮ್ಮ ಶಾಲೆಯಷ್ಟೇ ಹಳೆಯವು. 1923ರಲ್ಲಿ ರಷ್ಯದ ಮಹಾನರ್ತಕಿ ಅನ್ನಾ ಪಾವ್ಲೋವಾ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ರಾಧೆಯಾದಾಗ ಕೃಷ್ಣನಾಗಿ ಜೊತೆಗೆ ಕುಣಿದವರು ಆಗ ಚಿತ್ರಕಲೆಯ ವಿದ್ಯಾರ್ಥಿಯಾಗಿದ್ದ ಉದಯಶಂಕರ್. ಬೆಂಗಳೂರಿನ ರಾಮಗೋಪಾಲ್ ಕೇರಳದ ಕಥಕಳಿಯನ್ನೂ ತಂಜಾವೂರಿನ ಪರಂಪರೆಯ ಭರತನಾಟ್ಯವನ್ನೂ ಗುರುಮುಖೇನ ಕಲಿತು ಪರದೇಶಗಳಲ್ಲಿ ಹೆಸರಾದರು. 1960ರಲ್ಲಿ ಇಂಗ್ಲೆಂಡಿನ ಬ್ಯಾಲೆ ನರ್ತಕಿ ಅಲಿಷಿಯಾ ಮಾರ್ಕೋವಾ ಅವರ ಜೊತೆ ರಾಧಾಕೃಷ್ಣರ ಕಥೆಯನ್ನು ರಂಗಕ್ಕೆ ತಂದರು. ನಮ್ಮ ಯಕ್ಷಗಾನಕ್ಕೂ ಇಂಥ ನಂಟಿದೆ. ಅಮೆರಿಕದಿಂದ ಉಡುಪಿಗೆ ಬಂದ ಮಾರ್ಥಾ ಆಶ್ಟನ್ ಗುರುಗಳ ಮುಂದೆ ನಿಂತು ಹೆಜ್ಜೆ ಕಲಿತು, ಗೆಜ್ಜೆ ಕಟ್ಟಿ ರಂಗವೇರಿ, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರ ಜೊತೆಗೂಡಿ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಹೊರತಂದರು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಇಲ್ಲಿ ಕೂಡಿದವರು ದೂರದಿಂದ ಬಂದವರು. ದೂರದ ಅತಿಥಿಯ ಕೈ ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಅದೇ ಊರಿನಲ್ಲಿ, ಬೇಲಿಯ ಆಚೆ ಇರುವವನ ಕೈ ಹಿಡಿಯುವುದೇ ಕಷ್ಟ. ನಾವು ಹೇಳಹೊರಟಿರುವುದು ಅಂಥ ಕಥೆ.

ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂಬ ಭಾಗ ಕಪ್ಪುವರ್ಣೀಯರ ನೆಲೆ. ಅಲ್ಲಿ 1934ರಲ್ಲಿ ಆರ್ಥರ್ ಮಿಚೆಲ್ ಹುಟ್ಟಿದರು. ಮನೆಯಲ್ಲಿ ಬಡತನ. ಇನ್ನೂ ಹನ್ನೆರಡರ ಬಾಲಕನಾಗಿದ್ದಾಗಲೇ ಸಂಸಾರದ ಹೊಣೆಗೆ ಹೆಗಲು ಕೊಡಬೇಕಾಯಿತು. ಸಿಕ್ಕಿದ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡಿದರು. ಹುಡುಗ ಚೆನ್ನಾಗಿ ಕುಣಿಯುತ್ತಾನೆಂದು ಕಂಡ ಹಿರಿಯರೊಬ್ಬರ ಮಾತಿನಿಂದ ಪ್ರದರ್ಶನ ಕಲೆಗಳ ಪ್ರೌಢಶಾಲೆಗೆ ಸೇರಿದರು. 1952ರಲ್ಲಿ ಅಲ್ಲಿಂದ ಹೊರಬಿದ್ದಾಗ ಅಮೆರಿಕದ ಪ್ರಸಿದ್ಧ ಬ್ಯಾಲೆ ಶಾಲೆಯಲ್ಲಿ ಕಲಿಯಲು ವಿದ್ಯಾರ್ಥಿವೇತನ ದೊರೆಯಿತು.

ಬ್ಯಾಲೆ ಎಂದರೆ ಐರೋಪ್ಯ ರಾಜಾಸ್ಥಾನಗಳಲ್ಲಿ ಬೆಳೆದ ನೃತ್ಯ. ನಮ್ಮಲ್ಲಿ ಶಾಸ್ತ್ರೀಯ ಎಂದು ಯಾವುದಕ್ಕೆ ಹೆಸರೋ ಅಲ್ಲಿ ಅದಕ್ಕೆ ಆ ಸ್ಥಾನ. ಅದು ಬಿಳಿಯರ ಮೈಕಟ್ಟಿಗೆ, ಬಿಳಿಯರ ಮೈಬಣ್ಣಕ್ಕೆ ಮಾತ್ರ ಒಗ್ಗುವ ಕಲೆಯೆಂದು ಅಂದಿನ ಬಹುತೇಕರ ನಂಬಿಕೆ. ಕಪ್ಪು ಹುಡುಗರಿಗೆ ಬೇರೆ ಕುಣಿತಗಳಿವೆಯಲ್ಲ, ಇದೇಕೆ ಎಂಬ ಪ್ರಶ್ನೆ. ಇಂಥ ಪ್ರಶ್ನೆಯ ಧಾಟಿ ನಮಗೂ ಅಪರಿಚಿತವಲ್ಲ. 1955ರಲ್ಲಿ ಮಿಚೆಲ್ ‘ನ್ಯೂಯಾರ್ಕ್ ಸಿಟಿ ಬ್ಯಾಲೆ’ ತಂಡವನ್ನು ಸೇರಿದಾಗ ಆ ಪ್ರಶ್ನೆಗೆ ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ. ದಿನವೂ ಬೆಳಿಗ್ಗೆ ಕಟ್ಟಿಗೆಯ ಸರಳನ್ನು ಹಿಡಿದು ನಿಂತು ಅಭ್ಯಾಸ ಮಾಡಿದರು.

ತಂಡದ ನೃತ್ಯ ಸಂಯೋಜಕರು ಜಾರ್ಜ್ ಬಾಲಂಚೀನ್. ಜಾರ್ಜಿಯನ್ ಮನೆತನದವರು, ರಷ್ಯದಲ್ಲಿ ಹುಟ್ಟಿ ಬೆಳೆದು ಅಮೆರಿಕಕ್ಕೆ ವಲಸೆ ಬಂದವರು. 1957ರಲ್ಲಿ ಅವರು ಇನ್ನೊಬ್ಬ ವಲಸಿಗರಾದ ಸ್ಟ್ರಾವಿನ್ಸ್ಕಿಯವರ ಸಂಗೀತಕ್ಕೆ ಒಂದು ಹೊಸ ನೃತ್ಯ ಕಟ್ಟಿದರು. ಹೆಸರು ‘ಅಗಾನ್’. ಸ್ಪರ್ಧೆ, ಸೆಣಸು ಎಂದು ಆ ಗ್ರೀಕ್ ಪದದ ಅರ್ಥ. ಕಥೆಯಿಲ್ಲ, ಅರಮನೆ ಕಾಡುಗಳ ರಂಗಸಜ್ಜಿಕೆಯಿಲ್ಲ, ಝಗಝಗಿಸುವ ಉಡುಪಿಲ್ಲ. ಅಭ್ಯಾಸಕ್ಕೆ ಉಡುವ ಕಪ್ಪು ಬಿಳುಪು ಬಟ್ಟೆಯಲ್ಲಿ ಹನ್ನೆರಡು ಮಂದಿ, ಎಂಟು ಸ್ತ್ರೀಯರು, ನಾಲ್ವರು ಪುರುಷರು. ತಾಳದ ಲೆಕ್ಕ ಬಹಳ ಕಠಿಣ. ಎಣಿಕೆ ತಪ್ಪಿದರೆ ಕಾಲು ತಪ್ಪುತ್ತದೆ. ಚೆಂಡೆ ಮದ್ದಳೆಗೆ ಹೆಜ್ಜೆ ಹಾಕಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಆ ನೃತ್ಯದ ತಿರುಳು ಕೊನೆಯ ಭಾಗದಲ್ಲಿ ಬರುವ ಒಂದು ಯುಗಳ ನೃತ್ಯ. ಅದಕ್ಕೆ ಬಾಲಂಚೀನ್ ಆರಿಸಿದ್ದು ಇಬ್ಬರನ್ನು. ಒಬ್ಬರು ಆರ್ಥರ್ ಮಿಚೆಲ್. ಇನ್ನೊಬ್ಬರು ಡಯಾನಾ ಆಡಮ್ಸ್, ವರ್ಜೀನಿಯಾ ರಾಜ್ಯದಲ್ಲಿ ಹುಟ್ಟಿದ ಬಿಳಿಯ ನರ್ತಕಿ.

ಈಗ ಆ ವರ್ಷವನ್ನು ಸ್ವಲ್ಪ ನೋಡೋಣ. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಪರಮೋಚ್ಚ ನ್ಯಾಯಾಲಯ 1954ರಲ್ಲಿಯೇ ತೀರ್ಪು ಕೊಟ್ಟಿತ್ತು. ತೀರ್ಪು ಕಾಗದದಲ್ಲಿತ್ತು, ಶಾಲೆಯ ಬಾಗಿಲು ಮುಚ್ಚಿಯೇ ಇತ್ತು. 1957ರ ಸೆಪ್ಟೆಂಬರ್ ತಿಂಗಳಲ್ಲಿ ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ಪಟ್ಟಣದ ಪ್ರೌಢಶಾಲೆಯೊಂದಕ್ಕೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಲು ಹೋದರು. ರಾಜ್ಯಪಾಲರೇ ಸಶಸ್ತ್ರ ಪಡೆಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದರು. ಸುತ್ತ ಸೇರಿದ ಜನ ಆ ಮಕ್ಕಳ ಮೇಲೆ ಕೂಗಾಡಿದರು. ಕಡೆಗೆ ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನು ಕಳುಹಿಸಿದ ಮೇಲೆ, ಸೈನಿಕರ ಕಾವಲಿನಲ್ಲಿ, ಆ ಒಂಬತ್ತು ಮಕ್ಕಳು ತರಗತಿಗೆ ಹೋದರು. ಪುಸ್ತಕದ ಚೀಲ ಹಿಡಿದ ಮಕ್ಕಳಿಗೆ ಬಂದೂಕಿನ ಕಾವಲು! ಶಾಲೆಯೊಂದರ ಉತ್ಸವದಲ್ಲಿ ಕುಳಿತ ನಾವು ಆ ದೃಶ್ಯವನ್ನು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಬೇಕು.

ಇದಾಗಿ ಎರಡೂವರೆ ತಿಂಗಳೂ ಕಳೆದಿರಲಿಲ್ಲ. 1957ರ ಡಿಸೆಂಬರ್ 1ರಂದು ನ್ಯೂಯಾರ್ಕಿನ ಸಿಟಿ ಸೆಂಟರ್ ರಂಗಮಂದಿರದಲ್ಲಿ ‘ಅಗಾನ್’ ಪ್ರದರ್ಶನಗೊಂಡಿತು. ಕಪ್ಪು ಪುರುಷನೊಬ್ಬ ಬಿಳಿಯ ಸ್ತ್ರೀಯ ಮಣಿಕಟ್ಟನ್ನು ಹಿಡಿದು ತಿರುಗಿಸಿದ. ಆಕೆ ಅವನ ತೋಳಿಗೆ ತನ್ನ ಪೂರ್ಣ ಭಾರವನ್ನು ಬಿಟ್ಟುಕೊಟ್ಟಳು. ಒಂದು ಘಟ್ಟದಲ್ಲಿ ಆತ ನೆಲಕ್ಕೆ ಬೆನ್ನು ಹಚ್ಚಿ ಮಲಗಿಯೇ, ಒಂಟಿಕಾಲಿನ ತುದಿಯಲ್ಲಿ ನಿಂತ ಆಕೆಗೆ ಆಧಾರವಾಗುತ್ತಾನೆ. ಒಬ್ಬರು ಕದಲಿದರೆ ಇಬ್ಬರೂ ಬೀಳುವ ಭಂಗಿ ಅದು. ಡಯಾನಾ ಆಡಮ್ಸ್ ಹುಟ್ಟಿದ ವರ್ಜೀನಿಯಾದಲ್ಲಿ ಅಂದು ಕಪ್ಪು ಬಿಳಿಯರ ನಡುವಿನ ಮದುವೆ ಅಪರಾಧವಾಗಿತ್ತು. ಆ ಕಾನೂನನ್ನು ಪರಮೋಚ್ಚ ನ್ಯಾಯಾಲಯ ರದ್ದುಗೊಳಿಸಿದ್ದು ಮತ್ತೂ ಹತ್ತು ವರ್ಷಗಳ ಬಳಿಕ, 1967ರಲ್ಲಿ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಾಲಂಚೀನ್ ಆ ಎರಡು ಮೈಬಣ್ಣಗಳನ್ನು ಮರೆಮಾಚಲು ಹೋಗಲಿಲ್ಲ. ಬಣ್ಣ ಕಾಣಿಸುವುದೇ ಇಲ್ಲವೆಂಬ ನಟನೆಯನ್ನೂ ಮಾಡಲಿಲ್ಲ. ಕಪ್ಪು ಕೈ ಬಿಳಿಯ ಕೈಯನ್ನು ಹಿಡಿದಾಗ ಮೂಡುವ ಚೆಲುವನ್ನೇ ನೃತ್ಯದ ಒಂದು ಅಂಗವನ್ನಾಗಿ ಮಾಡಿದರೆಂದು ಮಿಚೆಲ್ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಸಾಮರಸ್ಯವೆಂದರೆ ಎಲ್ಲರೂ ಒಂದೇ ಬಣ್ಣಕ್ಕೆ ತಿರುಗುವುದಲ್ಲ. ಇಬ್ಬರೂ ತಮ್ಮ ತಮ್ಮ ಬಣ್ಣದಲ್ಲಿ ಉಳಿದು ಒಂದೇ ತಾಳದಲ್ಲಿ ನಿಲ್ಲುವುದು. ಹಾಗೆ ನಿಲ್ಲಲು ಸದ್ಭಾವನೆಯೊಂದೇ ಸಾಲದು. ಎಣಿಕೆ ಬೇಕು, ದಿನಗಟ್ಟಲೆ ಅಭ್ಯಾಸ ಬೇಕು, ಇನ್ನೊಬ್ಬರ ಉಸಿರು ಯಾವಾಗ ಏರುತ್ತದೆಂಬ ಅರಿವು ಬೇಕು. ಆ ಸಂಜೆಯ ಪ್ರೇಕ್ಷಕರು ನೋಡಿದ್ದು ಸಾಮರಸ್ಯದ ಉಪದೇಶವನ್ನಲ್ಲ, ಅತ್ಯುತ್ತಮವಾದ ನೃತ್ಯವನ್ನು. ಉಪದೇಶಕ್ಕೆ ಎದುರುತ್ತರ ಕೊಡಬಹುದು. ಚೆನ್ನಾಗಿ ಕುಣಿದದ್ದಕ್ಕೆ ಎದುರುತ್ತರವಿಲ್ಲ.

ಹಾಗೆಂದು ಎಲ್ಲವೂ ಸರಾಗವಾಗಿ ನಡೆಯಿತೆಂದು ತಿಳಿಯಬಾರದು. ಬಿಳಿಯ ವಿದ್ಯಾರ್ಥಿನಿಯರ ಹೆತ್ತವರಲ್ಲಿ ಕೆಲವರು, ತಮ್ಮ ಮಗಳು ಆ ಹುಡುಗನೊಡನೆ ಜೋಡಿಯಾಗಿ ಕುಣಿಯಬಾರದೆಂದು ಆಕ್ಷೇಪಿಸಿದರಂತೆ. ಹಾಗಾದರೆ ತಾವು ತಮ್ಮ ಮಗಳನ್ನು ಕರೆದುಕೊಂಡು ಹೋಗಬಹುದು ಎಂಬುದು ಬಾಲಂಚೀನರ ಉತ್ತರವಾಗಿತ್ತೆಂದು ಹೇಳುತ್ತಾರೆ. ದಕ್ಷಿಣದ ರಾಜ್ಯಗಳು ಒಪ್ಪುವುದಿಲ್ಲವೆಂಬ ಕಾರಣಕ್ಕೆ ಅಮೆರಿಕದ ವಾಣಿಜ್ಯ ದೂರದರ್ಶನದಲ್ಲಿ ಹಲವು ವರ್ಷ ಈ ಯುಗಳ ನೃತ್ಯಕ್ಕೆ ಅವಕಾಶವಿರಲಿಲ್ಲ. ಮಿಚೆಲ್ ಆ ತಂಡದಲ್ಲಿ ಬಹುಕಾಲ ಬಹುಮಟ್ಟಿಗೆ ಒಂಟಿಯಾಗಿಯೇ ಉಳಿದರು. ಒಬ್ಬನನ್ನು ಒಳಗೆ ಕರೆದುಕೊಂಡ ಮಾತ್ರಕ್ಕೆ ಬಾಗಿಲು ತೆರೆದಂತಾಗಲಿಲ್ಲ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರು?

ಕಥೆಯ ಮುಂದಿನ ಭಾಗಕ್ಕೆ ಹೋಗುವ ದಾರಿಯಲ್ಲಿ ನಾವು ನಮ್ಮ ರಾಜ್ಯಕ್ಕೇ ಒಮ್ಮೆ ಬರಬೇಕಾಗಿದೆ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ದಂಪತಿಗಳು ಗಾಂಧೀಜಿಯ ನಾಡನ್ನು ನೋಡಲೆಂದು ಭಾರತಕ್ಕೆ ಬಂದರು, ತಿರುವನಂತಪುರಕ್ಕೂ ಬಂದರು. ಅಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳೇ ಹೆಚ್ಚಾಗಿ ಓದುತ್ತಿದ್ದ ಒಂದು ಶಾಲೆಗೆ ಅವರನ್ನು ಕರೆದೊಯ್ದರಂತೆ. ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅತಿಥಿಯನ್ನು ಪರಿಚಯಿಸುತ್ತಾ, ಇವರು ಅಮೆರಿಕದಿಂದ ಬಂದ ನಿಮ್ಮಂತೆಯೇ ಒಬ್ಬ ಅಸ್ಪೃಶ್ಯರು ಎಂದುಬಿಟ್ಟರು. ಕಿಂಗ್ ಮೊದಲು ಬೆಚ್ಚಿದರು, ಅವರಿಗೆ ಸ್ವಲ್ಪ ಬೇಸರವೂ ಆಯಿತು. ಆಮೇಲೆ ತಮ್ಮ ನಾಡಿನ ಎರಡು ಕೋಟಿ ಕಪ್ಪುವರ್ಣೀಯರ ಬದುಕನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ, ನನ್ನ ಜನರೆಲ್ಲರೂ ಅಸ್ಪೃಶ್ಯರೇ ಎಂದು ತಮ್ಮೊಳಗೇ ಒಪ್ಪಿಕೊಂಡರು. 1965ರ ತಮ್ಮ ಒಂದು ಪ್ರವಚನದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಜನಾಂಗ ಬೇರೆ, ಜಾತಿ ಬೇರೆ. ಎರಡನ್ನೂ ಒಂದೇ ಎನ್ನಲಾಗದು. ಆದರೆ ಕೈ ಹಿಡಿಯಲು ಹಿಂಜರಿಯುವ ಆ ಗಳಿಗೆ ಎರಡು ಕಡೆಯೂ ಒಂದೇ. ಅದನ್ನು ಗುರುತಿಸಿದವರು ಕೇರಳದ ಒಬ್ಬ ಶಾಲಾ ಅಧ್ಯಾಪಕರು ಎಂಬುದು ನಮಗೆ ಹೆಮ್ಮೆಯೂ ಹೌದು, ನಾಚಿಕೆಯೂ ಹೌದು.

1968ರ ಏಪ್ರಿಲ್ 4ರಂದು ಕಿಂಗ್ ಅವರ ಕೊಲೆಯಾಯಿತು. ಮಿಚೆಲ್ ಆಗ ಬ್ರೆಜಿಲ್ ದೇಶದಲ್ಲಿ ಒಂದು ಬ್ಯಾಲೆ ತಂಡವನ್ನು ಕಟ್ಟುವ ಕೆಲಸದಲ್ಲಿದ್ದರು. ಅಲ್ಲಿಗೆ ಹೊರಟು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಈ ಸುದ್ದಿ ಕೇಳಿದರು. ಪರದೇಶದಲ್ಲಿ ಮಾಡಹೊರಟಿರುವುದನ್ನು ತಾನು ಹುಟ್ಟಿದ ಕೇರಿಯಲ್ಲೇ ಏಕೆ ಮಾಡಬಾರದು ಎಂಬ ಯೋಚನೆ ಅವರನ್ನು ಹಾರ್ಲೆಮ್‌ಗೆ ಮರಳಿ ತಂದಿತು. ವಾಹನ ನಿಲ್ಲಿಸುತ್ತಿದ್ದ ಒಂದು ಕಟ್ಟಡದಲ್ಲಿ ಪಾಠ ಆರಂಭವಾಯಿತು. ಸೆಖೆಗಾಲ, ದೊಡ್ಡ ಬಾಗಿಲುಗಳನ್ನು ತೆರೆದಿಟ್ಟರು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಬಂದು ಇಣುಕಿದರು. ಇಣುಕಿದವರನ್ನು ಒಳಗೆ ಕರೆದರು. ಬ್ಯಾಲೆಯ ಬಿಗಿ ಉಡುಪಿಗೆ ಹುಡುಗರು ನಾಚಿದಾಗ ಉಟ್ಟ ಬಟ್ಟೆಯಲ್ಲೇ ಕುಣಿಯಿರಿ ಎಂದರು. 30 ಮಕ್ಕಳಿಂದ ತೊಡಗಿದ ಪಾಠಕ್ಕೆ ಕೆಲವೇ ತಿಂಗಳಲ್ಲಿ 400 ಮಕ್ಕಳು ಬಂದರು. 1969ರಲ್ಲಿ ಅದು ‘ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಎಂಬ ಶಾಲೆಯೂ ತಂಡವೂ ಆಗಿ ರೂಪುಗೊಂಡಿತು. ಮಿಚೆಲ್ ಅವರ ಜೊತೆಗೆ ನಿಂತು ಅದನ್ನು ಕಟ್ಟಿದವರು ಕೆರೆಲ್ ಶುಕ್ ಎಂಬ ಬಿಳಿಯ ಅಧ್ಯಾಪಕರು. ಹಿಂದೆ ಮಿಚೆಲ್‌ಗೆ ಪಾಠ ಹೇಳಿದ ಗುರುವೇ ಈಗ ಶಿಷ್ಯನ ಶಾಲೆಗೆ ದುಡಿಯಲು ಬಂದರು.

ಕಾಲಕ್ರಮೇಣ ಆ ಶಾಲೆ ಒಂದು ಸಣ್ಣ ಬದಲಾವಣೆ ಮಾಡಿತು. ಬ್ಯಾಲೆ ನರ್ತಕಿಯರು ತೊಡುವ ಕಾಲುಚೀಲ ಮತ್ತು ಪಾದರಕ್ಷೆಗಳು ತೆಳು ಗುಲಾಬಿ ಬಣ್ಣದವು. ಬಿಳಿಯರ ಮೈಬಣ್ಣಕ್ಕೆ ಹೊಂದಲೆಂದು ಹುಟ್ಟಿದ ರೂಢಿ ಅದು. ಆದರೆ ಅದೇ ನಿಯಮವೆಂದು ಎಲ್ಲರೂ ನಂಬಿದ್ದರು. ಹಾರ್ಲೆಮ್ ತಂಡದವರು ತಮ್ಮ ತಮ್ಮ ಮೈಬಣ್ಣಕ್ಕೆ ಒಪ್ಪುವಂತೆ ಅವುಗಳಿಗೆ ಬಣ್ಣ ಹಾಕಿಕೊಂಡರು. ಹೆಜ್ಜೆ ಅದೇ, ಶಿಸ್ತು ಅದೇ; ಕಾಲು ಮಾತ್ರ ತಮ್ಮದು. 1984ರಲ್ಲಿ ‘ಜಿಸೆಲ್’ ಎಂಬ ಐರೋಪ್ಯ ನೃತ್ಯನಾಟಕವನ್ನು ಅಮೆರಿಕದ ಲೂಸಿಯಾನಾದ ಕಪ್ಪುವರ್ಣೀಯರ ಬದುಕಿಗೆ ಅಳವಡಿಸಿ ಆಡಿದರು. 1971ರಲ್ಲಿ ಒಂದು ಸಂಜೆ ಹಾರ್ಲೆಮ್ ತಂಡವೂ ನ್ಯೂಯಾರ್ಕ್ ಸಿಟಿ ಬ್ಯಾಲೆಯೂ ಒಂದೇ ವೇದಿಕೆಯಲ್ಲಿ ಕೂಡಿ ಕುಣಿದವು. ಆ ನೃತ್ಯವನ್ನು ಬಾಲಂಚೀನ್ ಮತ್ತು ಮಿಚೆಲ್ ಸೇರಿ ಸಂಯೋಜಿಸಿದರು. ಹದಿನಾಲ್ಕು ವರ್ಷ ಮೊದಲು ಒಬ್ಬ ಕಪ್ಪು ನರ್ತಕ ಬಿಳಿಯರ ತಂಡದಲ್ಲಿ ನಿಂತಿದ್ದ. ಈಗ ತನ್ನದೇ ಶಾಲೆಯಿರುವ ತಂಡ ಇನ್ನೊಂದು ತಂಡದ ಎದುರು ಸರಿಸಮವಾಗಿ ನಿಂತಿತು. ಒಂದು ಸೇರ್ಪಡೆ, ಇನ್ನೊಂದು ಸಹಯೋಗ. ಈ ಎರಡರ ನಡುವಿನ ಅಂತರವನ್ನು ದಾಟಿಸಿದ್ದು ಒಂದು ಶಾಲೆ.

ಮಹನೀಯರೇ, ಇನ್ನು ನಮ್ಮ ಅಂಗಳಕ್ಕೆ ಬರೋಣ.

ನಾವು ಏಳನೆಯ ತರಗತಿಯಲ್ಲಿದ್ದ ವರ್ಷ. ಶಾಲಾ ವಾರ್ಷಿಕೋತ್ಸವಕ್ಕೆ ನಮ್ಮ ಟೀಚರ್ ಒಂದು ಸಮೂಹ ನೃತ್ಯ ಕಲಿಸುತ್ತಿದ್ದರು. ಕೈ ಕೈ ಹಿಡಿದು ವೃತ್ತವಾಗಿ ತಿರುಗುವ ನೃತ್ಯ. ಹನ್ನೆರಡು ಮಂದಿ ಮಕ್ಕಳು. ಆಗ ಎಣಿಸಿರಲಿಲ್ಲ, ‘ಅಗಾನ್’ ಬಗ್ಗೆ ಓದಿದಾಗ ಆ ಹನ್ನೆರಡು ನೆನಪಾಯಿತು. ನಮ್ಮ ಮನೆಗಳಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಒಂದೊಂದು ನುಡಿ. ಶಾಲೆಯಲ್ಲಿ ಎಲ್ಲರದೂ ಕನ್ನಡ. ಆ ಹನ್ನೆರಡರಲ್ಲಿ ಗುಡ್ಡದಾಚೆಯ ಕೊಪ್ಪದಿಂದ ಬರುತ್ತಿದ್ದ ಒಬ್ಬ ಹುಡುಗಿಯೂ ಇದ್ದಳು. ಡೋಲಿನ ದನಿ ಕೇಳುತ್ತಲೇ ಬೆಳೆದವಳು. ತಾಳ ಅವಳಿಗೆ ನೀರು ಕುಡಿದಷ್ಟು ಸಲೀಸು. ನಾವು ಎಣಿಕೆ ತಪ್ಪಿದಾಗಲೆಲ್ಲ ಟೀಚರ್, ಅವಳ ಕಾಲು ನೋಡಿ ಎನ್ನುತ್ತಿದ್ದರು.

ಒಂದು ದಿನ ಕೆಲವು ಹೆತ್ತವರು ಬಂದು ಕೋಣೆಯೊಳಗೆ ಏನೋ ಹೇಳಿ ಹೋದರು. ಮರುದಿನ ಟೀಚರ್ ಇಪ್ಪತ್ತನಾಲ್ಕು ಕೋಲುಗಳನ್ನು ತಂದು ನಮ್ಮ ಕೈಗೆ ಕೊಟ್ಟರು. ಕೈ ಹಿಡಿಯುವ ನೃತ್ಯ ಕೋಲಾಟವಾಯಿತು. ಕೋಲಿಗೆ ಕೋಲು ತಾಗಿತು, ಕೈಗೆ ಕೈ ತಾಗಲಿಲ್ಲ. ಅವಳನ್ನು ಹೊರಗಿಡಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ ಎಂದು ಎಲ್ಲರೂ ತಿಳಿದರು. ಕಾರ್ಯಕ್ರಮ ಚೆನ್ನಾಯಿತು, ಚಪ್ಪಾಳೆ ಬಿತ್ತು. ಕೋಣೆಗೆ ಬಂದು ಹೋದ ಆ ಹೆತ್ತವರು ಯಾರೋ ಹೊರಗಿನವರಲ್ಲ, ನಮ್ಮಲ್ಲಿ ಕೆಲವರ ಮನೆಯ ಹಿರಿಯರೇ. ಟೀಚರನ್ನು ದೂರುವ ಮನಸ್ಸು ನಮಗಿಲ್ಲ. ಅಂದಿನ ದಿನದಲ್ಲಿ ಆ ಹುಡುಗಿಯನ್ನು ವೇದಿಕೆಯ ಮೇಲೆ ಉಳಿಸಿಕೊಳ್ಳಲು ಅವರಿಗೆ ಹೊಳೆದ ದಾರಿ ಅದು. ಬಾಲಂಚೀನರಂತೆ, ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಎನ್ನಲು ಅವರಿಗೆ ಬಲವಾಗಿ ನಿಂತವರಾದರೂ ಯಾರಿದ್ದರು?

ಅವಳು ಆ ವರ್ಷದ ಬಳಿಕ ಶಾಲೆಗೆ ಬರಲಿಲ್ಲ. ಬಹಳ ವರ್ಷಗಳ ಮೇಲೆ ಸಂತೆಯಲ್ಲಿ ಬುಟ್ಟಿ ಮಾರುತ್ತಿದ್ದ ಆಕೆಯನ್ನು ನಮ್ಮಲ್ಲಿ ಇಬ್ಬರು ಗುರುತಿಸಿ ಮಾತನಾಡಿಸಿದರು. ಹಳೆಯ ದಿನಗಳ ಮಾತು ಬಂತು, ಕೋಲಾಟದ ನೆನಪೂ ಬಂತು. ಆಕೆ ನಕ್ಕು, “ಕೋಲಾಟ ನೆನಪಿಲ್ಲದೆ ಉಂಟಾ? ನಿಮ್ಮ ಕೋಲು ಯಾವಾಗಲೂ ನನ್ನ ಬೆರಳಿಗೇ ಬೀಳುತ್ತಿತ್ತು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆ ಕೋಲು ಯಾಕೆ ಬಂತು ಅಂತಲೂ ನನಗೆ ಗೊತ್ತಿತ್ತು” ಎಂದರು. ಒಂದೇ ತರಗತಿಯಲ್ಲಿ ಕುಳಿತಿದ್ದ ನಮ್ಮನ್ನು ಆಕೆ ಬಹುವಚನದಲ್ಲಿಯೇ ಮಾತನಾಡಿಸಿದರು. ಹನ್ನೆರಡು ವರ್ಷದ ಹುಡುಗಿ ಅದನ್ನು ತಿಳಿದೂ ತಾಳ ತಪ್ಪದೆ ಕುಣಿದಿದ್ದಳು. ತಿಳಿಯದೆ ಕುಣಿದವರು ನಾವು.

ಶತಮಾನೋತ್ಸವದ ಸಂಭ್ರಮದಲ್ಲಿ ಇದನ್ನು ಹೇಳಬೇಕೇ ಬೇಡವೇ ಎಂದು ನಾವು ನಮ್ಮೊಳಗೆ ಚರ್ಚಿಸಿದೆವು. ಹೇಳಬೇಕೆಂದೇ ತೀರ್ಮಾನಿಸಿದೆವು. ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಭಾಷಾ ಅಲ್ಪಸಂಖ್ಯಾತರು. ನಮ್ಮ ಹಿರಿಯರು ಹೋರಾಡಿದರು, ಅರ್ಜಿ ಬರೆದರು, ಕನ್ನಡದ ಅಧ್ಯಾಪಕರಿಗಾಗಿ, ಕನ್ನಡದ ಪಠ್ಯಪುಸ್ತಕಗಳಿಗಾಗಿ ಕಚೇರಿಗಳ ಬಾಗಿಲಲ್ಲಿ ಕಾದರು. ತಮ್ಮನ್ನು ಲೆಕ್ಕಕ್ಕೆ ಹಿಡಿಯದಿರುವ ನೋವು ಏನೆಂದು ನಮಗೆ ಚೆನ್ನಾಗಿ ಗೊತ್ತು. ಆ ನೋವನ್ನು ಬಲ್ಲ ನಮಗೇ ನಮ್ಮ ನಡುವೆ ನಮಗಿಂತಲೂ ಕಡಿಮೆ ಲೆಕ್ಕಕ್ಕೆ ಬಂದವಳ ನೋವು ಕಾಣಲಿಲ್ಲವಲ್ಲ! ನಮ್ಮ ಹಕ್ಕಿನ ಮಾತಿಗೆ ತೂಕ ಬರಬೇಕಾದರೆ ಈ ಲೆಕ್ಕವೂ ಸರಿಯಾಗಬೇಕು.

ದಾರಿ ನಮ್ಮ ನೆಲದಲ್ಲಿಯೇ ಇಲ್ಲದಿಲ್ಲ. ಪೊಟ್ಟನ್ ತೆಯ್ಯ ಕಟ್ಟಿ ಬಂದಾಗ, ದಾರಿ ಬಿಡು ಎಂದ ಆಚಾರ್ಯರನ್ನೇ ತಡೆದು ನಿಲ್ಲಿಸಿ ಪ್ರಶ್ನೆ ಕೇಳಿದವನ ಕಥೆಯನ್ನು ನಮ್ಮ ಊರ ಜನ ಕೈಮುಗಿದು ಕೇಳುತ್ತಾರೆ. ಇತ್ತ ಶಾಲಾ ಕಲೋತ್ಸವಗಳನ್ನು ನೋಡಿ. ನಮ್ಮ ರಾಜ್ಯದ ಶಾಲಾ ಕಲೋತ್ಸವ ಆರಂಭವಾದದ್ದೂ ‘ಅಗಾನ್’ ಪ್ರದರ್ಶನಗೊಂಡ 1957ರಲ್ಲಿಯೇ. ಇಂದು ಅಲ್ಲಿ ಒಪ್ಪನ, ಮಾರ್ಗಂಕಳಿ, ತಿರುವಾದಿರಗಳಿವೆ, ನಮ್ಮ ಯಕ್ಷಗಾನವೂ ಇದೆ. ಬೇರೆ ಮನೆಯ ಮಕ್ಕಳು ಬೇರೆ ಮನೆಯ ಹೆಜ್ಜೆಯನ್ನು ಅಲ್ಲಿ ಕಲಿಯುತ್ತಾರೆ. ಇತ್ತೀಚೆಗೆ ಬುಡಕಟ್ಟು ಜನರ ನೃತ್ಯಗಳಿಗೂ ಆ ವೇದಿಕೆ ತೆರೆದಿದೆ. ನಮ್ಮ ಜಿಲ್ಲೆಯ ಮಾವಿಲರು ಮತ್ತು ಮಲವೇಟ್ಟುವರ ಮಂಗಲಂಕಳಿ ಅವುಗಳಲ್ಲೊಂದು. ಇದು ದೊಡ್ಡ ಹೆಜ್ಜೆ. ಆದರೆ ಹಾರ್ಲೆಮ್ ನಮಗೆ ಕಲಿಸುವ ಪಾಠವನ್ನು ಇಲ್ಲಿ ಮರೆಯಬಾರದು. ಅವರ ನೃತ್ಯವನ್ನು ನಮ್ಮ ಮಕ್ಕಳು ಆಡಿ ಬಹುಮಾನ ತಂದರೆ ಅಷ್ಟಕ್ಕೇ ಅದು ಸಹಯೋಗವಾಗದು. ಅದನ್ನು ಬಲ್ಲ ಹಿರಿಯರು ಗುರುಗಳಾಗಿ ಶಾಲೆಗೆ ಬರಬೇಕು, ಗುರುದಕ್ಷಿಣೆ ಪಡೆಯಬೇಕು, ವೇದಿಕೆಯಲ್ಲಿ ನಮ್ಮ ಸಾಲಿನಲ್ಲಿ ಅವರಿಗೂ ಕುರ್ಚಿಯಿರಬೇಕು, ಅವರ ಮಕ್ಕಳು ಏಳನೆಯ ತರಗತಿಗೆ ನಿಲ್ಲದೆ ಮುಂದೆ ಓದಬೇಕು.

ಆದುದರಿಂದ ನಮ್ಮ ತರಗತಿಯವರು ಕೂಡಿ ಒಂದು ಸಣ್ಣ ಸಂಕಲ್ಪ ಮಾಡಿದ್ದೇವೆ. ಈ ಶಾಲೆಯಲ್ಲಿ ವರ್ಷವಿಡೀ ನೃತ್ಯ ಮತ್ತು ವಾದನ ಕಲಿಸಲು, ಕೊಪ್ಪದ ಹಿರಿಯರೊಬ್ಬರು ಸೇರಿದಂತೆ ಊರಿನ ಕಲಾವಿದರನ್ನು ಗೌರವಧನ ಕೊಟ್ಟು ಕರೆಸುವ ಖರ್ಚನ್ನು ನಾವು ಹೊರುತ್ತೇವೆ. ಯಕ್ಷಗಾನದ ಹೆಜ್ಜೆಯನ್ನು ಕೊಪ್ಪದ ಮಗು ಕಲಿಯಲಿ, ಡೋಲಿನ ಪೆಟ್ಟನ್ನು ನಮ್ಮ ಮೊಮ್ಮಕ್ಕಳು ಕಲಿಯಲಿ. ಕನ್ನಡ ಮಾಧ್ಯಮ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ನಾವೆಲ್ಲ ಮರುಗುತ್ತೇವೆ. ಬಾಗಿಲು ತೆರೆದಿಟ್ಟು, ಇಣುಕಿದ ಮಕ್ಕಳನ್ನು ಒಳಗೆ ಕರೆದ ಆ ಹಾರ್ಲೆಮ್ ಶಾಲೆಯನ್ನು ಅಂಥ ಹೊತ್ತಿನಲ್ಲಿ ನೆನೆಯೋಣ.

ಅಧ್ಯಾಪಕ ಬಂಧುಗಳಲ್ಲಿ ಒಂದು ಪ್ರಾರ್ಥನೆ. ನಾಳೆ ಯಾರಾದರೂ ಹೆತ್ತವರು ಕೋಣೆಗೆ ಬಂದು, ನಮ್ಮ ಮಗು ಇಂಥವರ ಕೈ ಹಿಡಿಯುವುದು ಬೇಡ ಎಂದರೆ, ತಾವು ಕೋಲು ಹುಡುಕಬೇಡಿ. ನಮ್ಮನ್ನು ಕರೆಯಿರಿ. ಅಂದು ಆ ಟೀಚರ ಬೆನ್ನಿಗೆ ನಿಲ್ಲಲು ಯಾರೂ ಇರಲಿಲ್ಲ. ಇಂದು ಇಷ್ಟು ಮಂದಿ ಹಿರಿಯ ವಿದ್ಯಾರ್ಥಿಗಳಿದ್ದೇವೆ, ತಮ್ಮ ಬೆನ್ನಿಗೆ ನಿಲ್ಲುತ್ತೇವೆ.

ಹೆತ್ತವರಲ್ಲಿಯೂ ಒಂದು ಮಾತು. ಈ ಸಂಜೆ ಇದೇ ವೇದಿಕೆಯಲ್ಲಿ ಏಳನೆಯ ತರಗತಿಯ ಮಕ್ಕಳ ಸಮೂಹ ನೃತ್ಯವಿದೆ. ಅಂದು ನಮಗೆ ಕಲಿಸಿ ಕೈಬಿಟ್ಟ ಆ ವೃತ್ತ ನೃತ್ಯವನ್ನೇ ನಾವು ನೆನಪಿನ ಬಲದಿಂದ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಅಲ್ಲಲ್ಲಿ ಎಣಿಕೆ ಮರೆತಿತ್ತು. ಆ ಎಣಿಕೆಯನ್ನು ಸರಿಪಡಿಸಿಕೊಟ್ಟವರು ನಮ್ಮ ಆ ಸಹಪಾಠಿಯೇ. ಇಂದು ಸಂಜೆ ಬರುತ್ತೇನೆಂದು ಹೇಳಿದ್ದಾರೆ. ಮಕ್ಕಳ ಕೈಯಲ್ಲಿ ಕೋಲುಗಳಿರುವುದಿಲ್ಲ. ತಾವೆಲ್ಲರೂ ಕುಳಿತು ನೋಡಿ ಹರಸಬೇಕು.

ಈ ಶಾಲೆಯ ಮುಂದಿನ ನೂರು ವರ್ಷಗಳಿಗೆ ಶುಭವಾಗಲಿ.